ಕಳೆ ಗಿಡಗಳ ದೊರೆಸಾನಿ

ಪೆಟ್ಟಿಗೆ ಜೀಪಿನಿಂದ ಜಾರಿ ಬೀಳಬಹುದಿತ್ತು. ಮಾದಾಪುರದಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಅದಕ್ಕೆ ಅನುಕೂಲವಾದ ತಿರುವುಗಳು ಎಷ್ಟಿವೆಯೆಂದು ನಾನು ಹಿಂದಿನ ವಾರವೇ ಎಣಿಸಿಕೊಂಡು ಬಂದಿದ್ದೆ. ಜೂನ್ ತಿಂಗಳ ಕೊನೆ. ಗುಡ್ಡ ಜರಿದು ರಸ್ತೆ ಮುಚ್ಚಬಹುದಿತ್ತು. ಕುಶಾಲನಗರದಲ್ಲಿ ಕಾವೇರಿ ಸೇತುವೆಯ ಮೇಲೆ ಹರಿಯಬಹುದಿತ್ತು. ಮೈಸೂರಿನ ಬಸ್ಸಿನ ಟಾಪಿನ ಮೇಲೆ ಯಾರಾದರೂ ಹಲಸಿನ ಹಣ್ಣಿನ ಮೂಟೆಯನ್ನು ಪೆಟ್ಟಿಗೆಯ ಮೇಲೆ ಹೇರಿ, ಹಣ್ಣು ಒಡೆದು ಒಳಗೆ ಸೋರಬಹುದಿತ್ತು. ಬಿಳಿಯರ ಪೆಟ್ಟಿಗೆಯಲ್ಲಿ ಬೆಳ್ಳಿ ಇರಬೇಕೆಂದು ರೈಲಿನ ಕಳ್ಳ ಅದನ್ನು ಎತ್ತಿಕೊಂಡು ಹೋಗಬಹುದಿತ್ತು; ತೆರೆದು ನೋಡಿ, ಬರೀ ಸೊಪ್ಪಿನ ಚಿತ್ರವೆಂದು ಸಿಟ್ಟಿನಿಂದ ಕಿಟಕಿಯಾಚೆ ಎಸೆಯಬಹುದಿತ್ತು. ಬೊಂಬಾಯಿಯ ಸುಂಕದವನು ಇಷ್ಟೊಂದು ಗಿಡಗಳನ್ನು ಯಾಕೆ ಬರೆದಿರಿ ಎಂದು ಅನುಮಾನಪಡಬಹುದಿತ್ತು. ಇಲಿ, ಗೆದ್ದಲು, ಬೂಷ್ಟು ಇದ್ದೇ ಇವೆ. ಕೊನೆಗೆ ಹಡಗು ಮುಳುಗಬಹುದಿತ್ತು. ಹಡಗು ಮುಳುಗಿದರೆ ಪೆಟ್ಟಿಗೆಯ ಜೊತೆ ಚಿತ್ರ ಬರೆದ ದೊರೆಸಾನಿಯೂ ಮುಳುಗುತ್ತಾರೆ ಎಂಬುದು ನನಗೆ ಎರಡನೆಯದಾಗಿ ಹೊಳೆಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಮೊದಲ ಹೆದರಿಕೆ ಪೆಟ್ಟಿಗೆಗೇ. ಆ ತಗಡಿನ ಪೆಟ್ಟಿಗೆಯೊಳಗೆ ಐವತ್ತೆಂಟು ಚಿತ್ರಗಳಿದ್ದವು. ಒಂದೂ ಕಡಿಮೆಯಾಗದೆ ಅವು ಹಾಲೆಂಡಿಗೆ ತಲುಪಿದರೆ ಅಲ್ಲಿಯ ಒಂದು ಸಸ್ಯೋದ್ಯಾನದಲ್ಲಿ ಆಕೆಗೆ ಕೆಲಸ, ಗಾಜಿನ ಮನೆಯ ಮೇಲೊಂದು ಕೋಣೆ. ತಲುಪದಿದ್ದರೆ ಅರವತ್ತು ದಾಟಿದ ಆ ಹೆಂಗಸಿಗೆ ಈ ಭೂಮಿಯ ಮೇಲೆ ಸ್ವಂತದ ಸೂರಿರಲಿಲ್ಲ.

ಮೇಲೆ ಹೇಳಿದ್ದು ಯಾವುದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಚಿಕ್ಕದು. ಕಳೆದ ವಾರ ಆಕೆಯ ಕಾಗದ ಬಂತು: ಕೈ ನಡುಗುತ್ತದೆ, ಇನ್ನು ಕುಂಚ ಹಿಡಿಯುವುದಿಲ್ಲ, ಕೆಲಸ ಬಿಟ್ಟೆ ಎಂದು. ಆಗಿನಿಂದ ಅವರನ್ನು ಕುರಿತು ಏನಾದರೂ ಬರೆಯಬೇಕೆನಿಸುತ್ತಿದೆ. ತೋಟದ ರೈಟರ್ ಎಂದ ಮಾತ್ರಕ್ಕೆ ನಾನು ಬರೆಯುವುದರಲ್ಲಿ ಪಳಗಿದವನೆಂದು ತಿಳಿಯಬೇಡಿ. ಈ ಕಾಫಿ ತೋಟದಲ್ಲಿ ಹದಿನೆಂಟು ವರ್ಷದಿಂದ ನಾನು ಬರೆದದ್ದು ಆಳುಗಳ ಹಾಜರಿ ಮತ್ತು ಮಳೆ ಎಷ್ಟು ಇಂಚು ಬಿತ್ತೆಂಬುದು, ಇವೆರಡೇ.

ಅವರನ್ನು ಇಲ್ಲಿಗೆ ಕರೆಸಿದವರು ನಮ್ಮ ಯಜಮಾನರು. ಕೊಡವರು, ಸೈನ್ಯದಲ್ಲಿ ಮೇಜರ್ ಆಗಿದ್ದವರು. ನಾವು ಮೇಜರ್ ಸಾಹೇಬರು ಎನ್ನುತ್ತೇವೆ. ಯುದ್ಧ ಮುಗಿದಾಗ ಅವರ ಪಡೆ ಜಾವಾದಲ್ಲಿತ್ತಂತೆ. ಅಲ್ಲಿ ಜಪಾನಿನವರ ಸೆರೆ ಶಿಬಿರದಿಂದ ಹೊರಬಂದ ಡಚ್ ಹೆಂಗಸರ ಗುಂಪಿನಲ್ಲಿ ಒಬ್ಬಾಕೆ, ಕೊಟ್ಟ ಬ್ರೆಡ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಲಾರಿಯ ಚಕ್ರದ ಬಳಿ ಬೆಳೆದಿದ್ದ ಒಂದು ಹುಲ್ಲನ್ನು ಬಗ್ಗಿ ನೋಡುತ್ತಿದ್ದರಂತೆ. "ಮೊದಲು ತಿನ್ನಿ" ಎಂದು ಇವರು ಹೇಳಿದ್ದಕ್ಕೆ, "ಲಾರಿ ಹೊರಟರೆ ಇದು ಸಿಗಲ್ಲ" ಎಂದರಂತೆ. ಆ ಪರಿಚಯ ಕಾಗದಗಳಲ್ಲಿ ಉಳಿದು, ಕೆಲವು ವರ್ಷದ ಮೇಲೆ ಅವರು ನಮ್ಮ ಬಂಗಲೆಯ ಹೂದೋಟ ನೋಡಿಕೊಳ್ಳಲು ಬಂದರು. ಹೂದೋಟದ ಮೂಲೆಯಲ್ಲಿದ್ದ ಎರಡು ಕೋಣೆಯ ಮನೆ ಅವರಿಗೆ.

ಡಚ್ಚರವರು ಎಂದ ಮೇಲೆ ಟ್ಯುಲಿಪ್ ಬೆಳೆದು ಕೊಡುತ್ತಾರೆ ಎಂಬುದು ಮೇಜರ್ ಸಾಹೇಬರ ಆಸೆ. ಮಡಿಕೇರಿಯ ಗೆಳೆಯರಿಗೆಲ್ಲ ಆಗಲೇ ಹೇಳಿಯೂ ಇದ್ದರು. ಆಕೆ ಬಂದ ಮೊದಲ ಜುಲೈಯಲ್ಲಿ ಮೂರು ದಿನ ಎಡೆಬಿಡದೆ ಸುರಿದ ಮಳೆಯನ್ನು ವರಾಂಡದಲ್ಲಿ ನಿಂತು ನೋಡಿ, "ಇಲ್ಲಿ ಟ್ಯುಲಿಪ್ ಗೆಡ್ಡೆ ನೆಟ್ಟರೆ ನಿಮಗೆ ಈರುಳ್ಳಿ ಸಾರು ಸಿಗುತ್ತೆ ಮೇಜರ್" ಎಂದರು. ಟ್ಯುಲಿಪ್ಪಿನ ಮಾತು ಅಲ್ಲಿಗೆ ಮುಗಿಯಿತು.

ಗುಲಾಬಿ, ಡೇಲಿಯಾಗಳನ್ನು ಅವರು ಚೆನ್ನಾಗಿಯೇ ನೋಡಿಕೊಂಡರು, ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಹಾಗೆ. ಪ್ರೀತಿ ಇದ್ದದ್ದು ಕಳೆಯ ಮೇಲೆ. ಕಾಫಿ ಸಾಲಿನಲ್ಲಿ ನಮ್ಮ ಆಳುಗಳು ಕಿತ್ತು ಹಾಕಿದ್ದನ್ನು ಆರಿಸಿ ತಂದು, ಕುಂಡದಲ್ಲಿ ನೆಟ್ಟು, ಬಾಗಿಲ ಮುಂದೆ ಸಾಲಾಗಿ ಇಡುತ್ತಿದ್ದರು. ಕಳೆ ಕೀಳುವ ಹೆಂಗಸರ ಗುಂಪಿಗೆ ದೇವಕಿ ಎಂಬಾಕೆ ಹಿರಿಯಳು. ದಕ್ಷಿಣ ಕನ್ನಡದ ಕಡೆಯವಳು, ಬಾಯಿ ಜೋರು. ಮೊದಲ ವರ್ಷ ಅವಳು ಒಳ್ಳೆಯ ಮನಸ್ಸಿನಿಂದಲೇ ಒಂದು ಬೆಳಿಗ್ಗೆ ಆ ಕುಂಡಗಳನ್ನೆಲ್ಲ ಬೋಳಿಸಿ, ಮಣ್ಣು ಹದಮಾಡಿ, ನೀರು ಹಾಕಿಟ್ಟಳು. ಆಕೆ ಹೊರಬಂದು ನೋಡಿ ಬಾಗಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಏನಮ್ಮಾ, ಕ್ಲೀನ್ ಮಾಡಿದ್ದು ತಪ್ಪಾಯ್ತಾ?" ಎಂದಳು ದೇವಕಿ.

"ಎಂಟು ವಾರ ಸಾಕಿದ್ದೆ."

"ಅಯ್ಯೋ ದೇವರೇ, ಕಳೆಯನ್ನಾ! ನಮಗೆ ಮೊದಲೇ ಹೇಳ್ಬಾರ್ದಾ ಮಾರಾಯ್ರೆ? ಬುಟ್ಟಿಗಟ್ಲೆ ತಂದು ಸುರೀತಿದ್ದೆ."

ಅಂದಿನಿಂದ ದೇವಕಿ ದಿನವೂ ಸಂಜೆ ಹಾಜರಿ ಮುಗಿದ ಮೇಲೆ ಸೆರಗಿನಲ್ಲಿ ಏನಾದರೊಂದು ಕಳೆ ತಂದು, "ಇಗೊಳ್ಳಿ, ನಿಮ್ಮ ನೆಂಟರು" ಎಂದು ಕೊಟ್ಟು ಹೋಗುವ ರೂಢಿಯಾಯಿತು. ದೊರೆಸಾನಿಯವರು ಕನ್ನಡ ಕಲಿತದ್ದೂ ಈ ಹೆಂಗಸರಿಂದಲೇ. ಹಾಗಾಗಿ ಅವರ ಕನ್ನಡದಲ್ಲಿ ಅರ್ಧ ತುಳು, ನಡುನಡುವೆ ಕೊಡವ, ಸಿಟ್ಟು ಬಂದರೆ ಜಾವಾದ ಭಾಷೆ. ಎಲ್ಲರಿಗೂ 'ಮಾರಾಯ್ರೆ' ಎನ್ನುವರು. ಒಮ್ಮೆ ತೋಟ ನೋಡಲು ಬಂದಿದ್ದ ಚೀಫ್ ಕಮಿಷನರ ಕಚೇರಿಯ ದೊಡ್ಡ ಅಧಿಕಾರಿಯೊಬ್ಬರಿಗೂ, "ಅಲ್ಲಿ ಕಾಲಿಡಬೇಡಿ ಮಾರಾಯ್ರೆ, ನನ್ನ ಗಿಡ ಉಂಟು" ಎಂದರು. ಆ ಅಧಿಕಾರಿಯ ಬೂಟಿನ ಕೆಳಗಿದ್ದದ್ದು ನಾನು ಹದಿನೆಂಟು ವರ್ಷದಿಂದ ತುಳಿಯುತ್ತಿರುವ ಗಿಡ. ನಮ್ಮ ತೋಟದ ಪರವಾನಗಿಗಳೆಲ್ಲ ರದ್ದಾಗುತ್ತವೆಂದು ನಾನು ಒಂದು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ.

"ಮಳೆ ಬರುತ್ತೋ ಅಂತ ಒಂದು ಚಿಂತೆ, ಬರಲ್ವೋ ಅಂತ ಇನ್ನೊಂದು" ಎನ್ನುತ್ತಾಳೆ ನನ್ನ ಹೆಂಡತಿ. "ಎರಡರ ನಡುವೆ ಸ್ವಲ್ಪ ಬಿಡುವು ಸಿಕ್ಕಿದ್ರೆ ಬಂದು ಊಟ ಮಾಡಿ."

ಅವರು ಚಿತ್ರ ಬರೆಯುವುದನ್ನು ನೋಡುವುದು ನನಗೆ ಒಂದು ಶಿಕ್ಷೆಯಾಗಿತ್ತು. ಸಣ್ಣ ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಿದ್ದರು. ಗೆರೆ ಉದ್ದವಿದ್ದರೆ ಉಸಿರೂ ಅಷ್ಟೇ ಉದ್ದ. ಪಕ್ಕದಲ್ಲಿ ನಿಂತ ನಾನೂ ಹಿಡಿಯುತ್ತಿದ್ದೆ. ಅವರು ಗೆರೆ ಮುಗಿಸುವಷ್ಟರಲ್ಲಿ ನನಗೆ ಕಣ್ಣು ಕತ್ತಲೆ. ಎಲೆ, ಹೂವು, ಕಾಯಿ ಎಲ್ಲವೂ ಇದ್ದಷ್ಟೇ ದೊಡ್ಡದಾಗಿ ಬರಬೇಕು; ಅಳತೆಗೆ ಒಂದು ಜೊತೆ ಹಿತ್ತಾಳೆಯ ಕೈವಾರ. ಹುಳ ತಿಂದ ಎಲೆಯಾದರೆ ತೂತಿನ ಸಮೇತ. ಒಮ್ಮೆ ಕಾಲಿಗೆ ಜಿಗಣೆ ಹತ್ತಿತ್ತು. ನಾನು ಸುಣ್ಣ ತರಲು ಓಡಿಹೋಗಿ ಬರುವಷ್ಟರಲ್ಲಿ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಜಿಗಣೆಯ ಚಿತ್ರ ಬರೆಯುತ್ತಿದ್ದರು. "ಸ್ವಲ್ಪ ತಡೀರಿ ರೈಟರೇ, ಇದಕ್ಕೆ ಇನ್ನೂ ಹೊಟ್ಟೆ ತುಂಬಿಲ್ಲ. ತುಂಬಿದ ಮೇಲೆ ಆಕಾರ ಬೇರೆ ಆಗುತ್ತೆ."

"ಕಾಫಿ ಹೂವಿಗೆ ಎಸಳು ಎಷ್ಟು?" ಎಂದು ಒಂದು ದಿನ ಕೇಳಿದರು.

ನಾಲ್ಕು ಎಂದೆ. ಧೈರ್ಯವಾಗಿಯೇ ಅಂದೆ.

"ಐದು. ಹದಿಮೂರು ವರ್ಷ ಇದರ ಅನ್ನ ತಿಂದ್ರಿ. ಒಂದು ದಿನ ಮುಖ ನೋಡ್ಬಾರ್ದಾ?"

ಕೈಲ್ ಮುಹೂರ್ತದ ದಿನ ನಡೆದದ್ದನ್ನು ಈ ಸುತ್ತಿನಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಕೊಡವರು ಕೋವಿಗೆ ಪೂಜೆ ಮಾಡುವ ಹಬ್ಬ ಅದು. ಕೋವಿಯ ನಳಿಗೆಗೆ ಬೆಂಕಿಯ ನಾಲಿಗೆಯಂಥ ತೋಕ್ ಪೂವನ್ನು ಸಿಕ್ಕಿಸುತ್ತಾರೆ. ಕೋವಿ ಹೂವು ಎಂದರೂ ಅದೇ. ಬೇಲಿಯ ಮೇಲಿನ ಒಂದು ಬಳ್ಳಿಯ ಒಂದೇ ಹೂವನ್ನು ಆಕೆ ಐದು ದಿನದಿಂದ ಬರೆಯುತ್ತಿದ್ದರು. ಮೊದಲ ದಿನ ಹಸಿರು, ಆಮೇಲೆ ಹಳದಿ, ಅಂಚಿನಿಂದ ಕೆಂಪು ಏರುತ್ತಾ ಬರುತ್ತದೆ. ಆರನೆಯ ದಿನದ ಪೂರ್ತಿ ಕೆಂಪು ಬೇಕಿತ್ತು. ಆರನೆಯ ದಿನವೇ ಹಬ್ಬ. ಬೆಳಿಗ್ಗೆ ಬೇಲಿಗೆ ಹೋಗಿ ನೋಡಿದರೆ ಬಳ್ಳಿ ಬರಿದು.

ಆಕೆ ನೇರವಾಗಿ ಬಂಗಲೆಗೆ ನಡೆದರು. ಪೂಜೆಯ ಕೋಣೆಯಲ್ಲಿ ಏಳು ಕೋವಿಗಳು ಸಾಲಾಗಿದ್ದವು, ಏಳರಲ್ಲೂ ಹೂವು. ಬಗ್ಗಿ ಒಂದೊಂದನ್ನೇ ನೋಡಿ, ನಾಲ್ಕನೆಯದರ ಮುಂದೆ ನೆಲದ ಮೇಲೆ ಹಲಗೆ ಇಟ್ಟುಕೊಂಡು ಕುಳಿತರು. ತನ್ನ ಹೂವನ್ನು ಏಳರಲ್ಲಿ ಗುರುತು ಹಿಡಿದದ್ದು ಹೇಗೆಂದು ಆಮೇಲೆ ಕೇಳಿದೆ. "ನಿಮ್ಮ ಮಗನನ್ನು ಶಾಲೆಯಲ್ಲಿ ಗುರುತು ಹಿಡಿಯಲ್ವಾ?" ಎಂದರು.

ಪೂಜೆ ಮುಗಿಯಿತು. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಜನ ಅಂಗಳದಲ್ಲಿ ನೆರೆದರು. ಕೋವಿ ಕೊಡುವ ಹಾಗಿಲ್ಲ, ಆಕೆ ಕೂತಿದ್ದಾರೆ. ಮೇಜರ್ ಸಾಹೇಬರು ಬಾಗಿಲಲ್ಲಿ ನಿಂತು ಮೆಲ್ಲಗೆ ಕೆಮ್ಮಿದರು.

"ಕಾಯಿ ಹೊಡೆಯೋಕೆ ಜನ ಕಾಯ್ತಾ ಇದಾರೆ."

"ಕಾಯಿ ನಾಳೆಯೂ ಕಾಯಿಯೇ ಮೇಜರ್. ಈ ಕೆಂಪು ಮಧ್ಯಾಹ್ನಕ್ಕೆ ಇರಲ್ಲ."

ಯುದ್ಧದಲ್ಲಿ ಪಡೆ ನಡೆಸಿದ ಮನುಷ್ಯ ಸದ್ದಿಲ್ಲದೆ ಆರು ಕೋವಿ ಎತ್ತಿಕೊಂಡು ಹೊರಗೆ ಹೋದರು. ನಾಲ್ಕನೆಯದು ಅವರ ಸ್ವಂತದ್ದು. ಆ ವರ್ಷ ಅವರು ಅಳಿಯನ ಕೋವಿಯಿಂದ ಗುರಿಯಿಟ್ಟರು, ತಪ್ಪಿತು. ನಾನಾದರೋ ಆ ಕೋವಿಯಲ್ಲಿ ತೋಟಾ ಇದ್ದಿರಬಹುದೇ ಎಂದು ಬಾಗಿಲ ಸಂದಿನಿಂದ ನೋಡುತ್ತಾ ಮಧ್ಯಾಹ್ನದವರೆಗೆ ಬೆವರಿದೆ. ಒಳಗೆ ಹಬ್ಬದೂಟದ ಕಡಂಬಿಟ್ಟೂ ಹಂದಿ ಸಾರೂ ಆರಿಹೋದವು.

ಜಾವಾದ ಬಗ್ಗೆ ಅವರು ಹೆಚ್ಚು ಮಾತಾಡಿದವರಲ್ಲ. ಒಮ್ಮೆ ಮಾತ್ರ, ನನ್ನ ಹೆಂಡತಿ ಒಲೆ ಹೊತ್ತಿಸಲು ಹಳೆಯ ಹಾಜರಿ ಪುಸ್ತಕದ ಹಾಳೆ ಹರಿಯುತ್ತಿದ್ದಾಗ ನೋಡಿ, "ಒಳ್ಳೆಯ ಕಾಗದ ಬೇಗ ಹತ್ತಲ್ಲ, ಸ್ವಲ್ಪ ಊದಬೇಕು" ಎಂದರು. ಹೇಗೆ ಗೊತ್ತು ಎಂದಳು ಇವಳು. ಶಿಬಿರದಲ್ಲಿ ಸೌದೆ ಇರಲಿಲ್ಲವಂತೆ. ಇಪ್ಪತ್ತು ವರ್ಷ ಬರೆದ ಚಿತ್ರಗಳ ಕಟ್ಟನ್ನು ಹೇಗೋ ಜೊತೆಯಲ್ಲಿ ಉಳಿಸಿಕೊಂಡಿದ್ದರಂತೆ. "ನಾನೇ ಹಾಕಿದೆ. ಹದಿನಾಲ್ಕು ಜನಕ್ಕೆ ಅನ್ನ ಬೆಂದಿತು. ಚೆನ್ನಾಗಿ ಬೆಂದಿತು" ಎಂದರು. ನನ್ನ ಹೆಂಡತಿ ಕೈಯಲ್ಲಿದ್ದ ಹಾಳೆಯನ್ನು ಪಕ್ಕಕ್ಕಿಟ್ಟು, ತರಗೆಲೆ ತಂದು ಒಲೆ ಹೊತ್ತಿಸಿದಳು. ಕೊಡಗಿನ ಐವತ್ತೆಂಟು ಚಿತ್ರಗಳು ಆಕೆಗೆ ಏನು ಎಂಬುದು ನನಗೆ ತಿಳಿದದ್ದು ಅವತ್ತು. ಅಂದಿನಿಂದ ಅವುಗಳ ಚಿಂತೆಯನ್ನು ಯಾರೂ ಕೇಳದಿದ್ದರೂ ನಾನು ಹೊತ್ತುಕೊಂಡೆ.

ಆ ಸಸ್ಯೋದ್ಯಾನದವರ ಕಾಗದ ಬಂದದ್ದು ಅವರ ಮೂರನೆಯ ವರ್ಷದ ಕೊನೆಗೆ. ಬಂದದ್ದು ಒಳ್ಳೆಯದೇ ಆಯಿತು. ಮೇಜರ್ ಸಾಹೇಬರಿಗೆ ವಯಸ್ಸಾಗಿ ತೋಟ ಅಳಿಯನ ಕೈಗೆ ಹೋಗುವುದಿತ್ತು. ಆ ಮೂಲೆಮನೆ ಅಳಿಯನಿಗೆ ಬೇಕಿತ್ತು. ಒಂದೇ ತೊಡಕು. ಉದ್ಯಾನದವರು ಕೇಳಿದ್ದು ಪೂರ್ತಿ ಪಟ್ಟಿ, ಅದರಲ್ಲಿ ಮೊದಲ ಹೆಸರೇ ಕಾಫಿ. ಆಕೆ ಬರೆಯದೆ ಉಳಿಸಿದ್ದೂ ಅದೊಂದೇ. ಮಾರ್ಚಿಯಲ್ಲೋ ಏಪ್ರಿಲಿನಲ್ಲೋ ಒಂದು ಹೂಮಳೆ ಬಿದ್ದು, ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ, ಮೂರನೆಯ ದಿನ ಕಂದಾಗುತ್ತದೆ. ಗಿಡದಲ್ಲಿ ಬಾಡದೆ ಅರಳಿರುವುದನ್ನು ಬಿಟ್ಟು ಬೇರೆಯದನ್ನು ಆಕೆ ಬರೆಯುವವರಲ್ಲ. ಒಂದು ವರ್ಷ ಆ ಮೂರು ದಿನವೇ ಜ್ವರ; ಮುಂದಿನ ವರ್ಷ ಅರಳಿದ ಮೇಲೆ ಆಲಿಕಲ್ಲು. ಕೊನೆಯ ವರ್ಷ ಹೂಮಳೆ ಸರಿಯಾಗಿ ಬಿತ್ತು, ಹೂವೂ ಸರಿಯಾಗಿ ಬಂತು. ಆದರೆ ಇಲ್ಲಿಗೆ ಬರುವಾಗ ತಂದಿದ್ದ ದಪ್ಪ ಕಾಗದ ಮುಗಿದಿತ್ತು. ಮೈಸೂರಿನಿಂದ ತರಿಸಿದ ತೆಳು ಹಾಳೆಯ ಮೇಲೆ, ಕಾಫಿ ಸಾಲಿನ ನಡುವೆ ಮುಕ್ಕಾಲಿಯ ಮೇಲೆ ಕುಳಿತು, ಎರಡು ಹಗಲು ಬರೆದರು. ತಲೆಗೆ ಜೇನ್ನೊಣ ಮುತ್ತಿಕೊಂಡದ್ದನ್ನೂ ಲೆಕ್ಕಿಸಲಿಲ್ಲ.

ನೋಡಲು ಹೋದಾಗ ನನಗೆ ಗಾಬರಿಯಾಯಿತು. ಎಲೆಗಳು ಕಡು ಹಸಿರಾಗಿ ಮಿರುಗುತ್ತಿವೆ, ಹೂವಿರಬೇಕಾದ ಜಾಗ ಖಾಲಿ. "ಅಮ್ಮಾ, ಹೂವಿಗೆ ಬಣ್ಣ?"

"ಬಿಳಿಯನ್ನು ಹಚ್ಚೋದಲ್ಲ ರೈಟರೇ, ಬಿಡೋದು. ಕಾಗದವೇ ಹೂವು. ಬಿಳಿ ಬಣ್ಣ ಹಚ್ಚೋರು ಗೋಡೆಗೆ ಸುಣ್ಣ ಬಳಿಯೋರು."

ದೂರ ನಿಂತು ನೋಡಿದೆ. ಹೂವಿತ್ತು. ಐದೈದು ಎಸಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಆಕೆ ಆಳುಗಳ ಲೈನು ಮನೆಗಳ ಹೆಂಗಸರನ್ನು ಕಂಡು ಬರಲು ಹೋದರು. ಚಿತ್ರಗಳಿಗೆ ನಂಬರು ಹಾಕಿ, ನಡುವೆ ತೆಳು ಕಾಗದವಿಟ್ಟು ಕಟ್ಟುವ ಕೆಲಸ ನನ್ನದು. ಹೊರಗೆ ಮಳೆ ಹುಯ್ಯುತ್ತಿತ್ತು. ನಂಬರು ಹಾಕುತ್ತಾ ಹಾಕುತ್ತಾ, ಈ ಬರಹದ ಮೊದಲಿಗೆ ಹೇಳಿದ ಅನಾಹುತಗಳೆಲ್ಲ ಒಂದೊಂದಾಗಿ ನನ್ನ ಕಣ್ಣ ಮುಂದೆ ನಡೆದುಹೋದವು. ಪೆಟ್ಟಿಗೆ ಎಲ್ಲೋ ಕಳೆಯಿತು, ಹಾಳೆಗಳು ಚದುರಿದವು, ಯಾರಿಗೋ ಸಿಕ್ಕಿದವು. ಯಾರವೆಂದು ಅವರಿಗೆ ಹೇಗೆ ತಿಳಿಯಬೇಕು? ನಮ್ಮ ತೋಟದಿಂದ ಯಾವ ಕಾಗದವೂ ಸೀಲಿಲ್ಲದೆ ಹೊರಗೆ ಹೋದದ್ದಿಲ್ಲ. ಗೊಬ್ಬರದ ಚೀಟಿಗೂ ಸೀಲು, ಆಳಿನ ರಜಾ ಚೀಟಿಗೂ ಸೀಲು. ಆಫೀಸಿಗೆ ಹೋಗಿ ತೋಟದ ದುಂಡು ಸೀಲನ್ನೂ ಇಂಕಿನ ಪ್ಯಾಡನ್ನೂ ತಂದೆ. ಪ್ರತಿ ಹಾಳೆಯ ಹಿಂಬದಿಗೆ, ಸರಿಯಾಗಿ ನಡುವೆ, ಒಂದೊಂದು ಒತ್ತಿದೆ. ಅಕ್ಷರ ಸ್ಪಷ್ಟವಾಗಿ ಬರಲೆಂದು ಹೊಸ ಇಂಕು ಹನಿಸಿಕೊಂಡು, ಮೈಭಾರವೆಲ್ಲ ಬಿಟ್ಟು ಒತ್ತಿದೆ. ಐವತ್ತೆಂಟು ಆದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆಕೆ ದೇವಕಿಯ ಜೊತೆ ಬಂದರು. ಪೆಟ್ಟಿಗೆಗೆ ಬೇವಿನ ಎಲೆ ಹಾಕಲು ಕಟ್ಟು ಬಿಚ್ಚಿದರು. ಮೇಲಿದ್ದದ್ದೇ ಕಾಫಿಯ ಚಿತ್ರ. ಕಿಟಕಿಯ ಬೆಳಕಿಗೆ ಹಿಡಿದರು. ಮಳೆಗಾಲದ ತೇವಕ್ಕೆ ಇಂಕು ಆರದೆ, ಆ ತೆಳು ಹಾಳೆಯಲ್ಲಿ ಇಳಿದು ಮುಂಬದಿಗೆ ಬಂದಿತ್ತು. ದಪ್ಪ ಕಾಗದದ ಐವತ್ತೇಳಕ್ಕೆ ಏನೂ ಆಗಿರಲಿಲ್ಲ. ಇದರಲ್ಲಿ, ಬಣ್ಣವನ್ನೇ ಹಚ್ಚದೆ ಬಿಟ್ಟಿದ್ದ ಹೂಗೊಂಚಲಿನ ನಟ್ಟನಡುವೆ, ಒಂದು ನೇರಳೆ ಚಂದ್ರ.

"ಇದು ಏನು ರೈಟರೇ?"

"ಭದ್ರತೆಗೆ ಅಮ್ಮಾ" ಎಂದೆ.

ಅವರು ಹಾಳೆಯನ್ನು ತಿರುಗಿಸಿ ಹಿಂಬದಿಯ ಸೀಲನ್ನು ಓದಿದರು. ಕಾಫಿ ಮತ್ತೆ ಅರಳಲು ಒಂಬತ್ತು ತಿಂಗಳು. ಜೀಪು ಹೊರಡುವುದು ನಾಳೆ ಬೆಳಿಗ್ಗೆ.

ದೇವಕಿ ಬಗ್ಗಿ ನೋಡಿದಳು. "ಇರ್ಲಿ ಬಿಡಿ ಅಮ್ಮಾ. ಚೆಂದದ ಮಗುಗೆ ದೃಷ್ಟಿ ಬೊಟ್ಟು ಇಟ್ಟ ಹಾಗಾಯ್ತು."

ಆಕೆ ಜೋರಾಗಿ ನಕ್ಕರು. ಒಂದು ಗಳಿಗೆಯ ಮೇಲೆ ನಗು ನಿಂತಿತು. ಬಣ್ಣದ ಡಬ್ಬಿಯ ತಳ ಕೆದಕಿ, ಯಾವತ್ತೂ ತೆರೆಯದ ಒಂದು ಬಿಳಿ ಬಣ್ಣದ ಟ್ಯೂಬನ್ನು ಹೊರತೆಗೆದರು. ಕಲ್ಲಾಗಿತ್ತು. ದೇವಕಿಯ ಸೆರಗಿನ ಪಿನ್ನಿನಿಂದ ಚುಚ್ಚಿ, ಬಿಸಿನೀರಿನಲ್ಲಿ ಕಲಸಿ, ಉಸಿರು ಹಿಡಿದು ಹಚ್ಚಿದರು. ನಾನೂ ಹಿಡಿದೆ.

"ನೋಡಿ ರೈಟರೇ, ನಿಮ್ಮಿಂದ ನಾನೂ ಸುಣ್ಣ ಬಳಿಯೋಳಾದೆ" ಎಂದರು. ನೇರಳೆ ಕಾಣದಾಯಿತು.

ಪೆಟ್ಟಿಗೆ ಸುಖವಾಗಿ ತಲುಪಿತು. ಕೆಲಸ ಸಿಕ್ಕಿತು, ಕೋಣೆಯೂ ಸಿಕ್ಕಿತು. ಇದೆಲ್ಲ ಅವರ ಮೊದಲ ಕಾಗದದಲ್ಲಿತ್ತು. ಕಾಫಿಯ ಸುದ್ದಿ ಇರಲಿಲ್ಲ. ನಾನು ಕೇಳಲಿಲ್ಲ, ಕೇಳುವುದಕ್ಕೂ ಹೆದರಿಕೆ.

ಕಳೆದ ವಾರದ ಕಾಗದದಲ್ಲಿ ಆ ಸುದ್ದಿ ಇದೆ. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ ಹೀಗೆ. ನಿಮ್ಮ ಸೀಲಿನ ಇಂಕು ಬಹಳ ಹಟದ್ದು. ಮೊದಲ ಚಳಿಗಾಲದಲ್ಲಿ ಬಿಳಿ ಬಣ್ಣದ ಮೂಲಕ ಒಂದು ಎಸಳಿನಲ್ಲಿ ಮೆಲ್ಲಗೆ ಎದ್ದಿತು, ಎರಡನೆಯ ಚಳಿಗಾಲಕ್ಕೆ ಮೂರು ಎಸಳಾಯಿತು. ನೋಡಲು ಬಂದ ವಿದ್ಯಾರ್ಥಿಗಳು, ಕೊಡಗಿನ ಕಾಫಿ ಹೂವಿಗೆ ನಸುನೇರಳೆ ಛಾಯೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹೇಳಿದರೆ ಕೋಣೆ ಹೋಗಬಹುದು, ಹೇಳದಿದ್ದರೆ ಹೂವು ಸುಳ್ಳಾಗುತ್ತದೆ. ನಿಮ್ಮ ರೋಗ ನನಗೂ ಅಂಟಿ, ಮೂರು ವಾರ ನಿದ್ದೆ ಇಲ್ಲ. ಕೊನೆಗೆ ಹೋಗಿ ಉದ್ಯಾನದ ಮುಖ್ಯಸ್ಥರಿಗೆ ಎಲ್ಲ ಹೇಳಿದೆ, ಸುಣ್ಣ ಬಳಿದದ್ದನ್ನೂ ಸೇರಿಸಿ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕೋಣೆ ಇಟ್ಟುಕೊಳ್ಳಿ ಎಂದರು. ಚಿತ್ರವೂ ಇರಲಿ, ಆದರೆ ಆ ಬಣ್ಣ ಯಾರದೆಂದು ಅಂಚಿನಲ್ಲಿ ಬರೆಯಿರಿ ಎಂದರು. ನನ್ನ ಕೈ ಇನ್ನೂ ನಡುಗದಿದ್ದಾಗ ಬರೆದ ಕೊನೆಯ ಸಾಲು ಅದು.

ಹೀಗೆ, ಗುಡ್ಡ ಜರಿಯದೆ, ಸೇತುವೆ ಮುಳುಗದೆ, ಹಡಗಿಗೆ ಏನೂ ಆಗದೆ, ಹಾಲೆಂಡಿನ ಒಂದು ಕಪಾಟಿನಲ್ಲಿ ಕೊಡಗಿನ ಕಾಫಿ ಹೂವಿನ ಪಕ್ಕ ಪೆನ್ಸಿಲಿನಲ್ಲಿ ಬರೆದಿದೆಯಂತೆ: ಈ ನೇರಳೆ ಗಿಡದ್ದಲ್ಲ, ತೋಟದ ರೈಟರದ್ದು.